ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ: ಹಾಲಕ್ಕಿಯ ಹಾದಿಯಲ್ಲಿ

ಹಿಂದೂಪುರದ ಪೇಟೆಯಲ್ಲಿ ಬೆಲ್ಲ, ಹುಣಸೆಹಣ್ಣು, ಒಣಮೆಣಸಿನಕಾಯಿಗಳ ವ್ಯಾಪಾರ ಮುಗಿದು ಲಾರಿಗಳು ಊರು ಬಿಡುವ ಹೊತ್ತಿಗೆ ಪಶ್ಚಿಮದ ಬಂಡೆಗುಡ್ಡಗಳ ಹಿಂದೆ ಸೂರ್ಯ ಇಳಿಯುತ್ತಾನೆ. ಗೊರವಂಕಗಳೂ ಗಿಳಿಗಳೂ ರೆಂಬೆಗಳಲ್ಲಿ ರಾತ್ರಿಯ ಜಾಗಕ್ಕಾಗಿ ಜಗಳವಾಡಿ ಸುಮ್ಮನಾಗುತ್ತವೆ. ಆ ಗದ್ದಲ ಅಡಗಿದ ಕೆಲವೇ ನಿಮಿಷಗಳಲ್ಲಿ ಊರಂಚಿನ ಹಳೆಯ ಹುಣಸೆಮರದ ಪೊಟರೆಯಿಂದ ಒಂದು ದುಂಡು ತಲೆ ಹೊರಕ್ಕೆ ಇಣುಕುತ್ತದೆ. ಎರಡು ಹಳದಿ ಕಣ್ಣುಗಳು ಕೆಳಗಿನ ದಾರಿಯನ್ನು ದಿಟ್ಟಿಸುತ್ತವೆ. ದಾರಿಹೋಕನು ನಿಂತು ನೋಡಿದರೆ ಆ ತಲೆ ಒಮ್ಮೆ ಮೇಲೆ, ಒಮ್ಮೆ ಕೆಳಗೆ, ಒಮ್ಮೆ ಪಕ್ಕಕ್ಕೆ ಓಲಾಡುತ್ತದೆ. ಬಳಿಕ ಇನ್ನೊಂದು ತಲೆ, ಕೆಲವೊಮ್ಮೆ ಮತ್ತೊಂದು. ಅಷ್ಟರಲ್ಲಿ ಕತ್ತಲೆಯೊಳಗಿಂದ ಕರಕರನೆ ಕೂಗು ಹೊಮ್ಮಿ, ಜಗಳವೋ ನಗೆಯೋ ತಿಳಿಯದಂತಹ ಮಾತಿನ ಮಳೆಯಾಗುತ್ತದೆ.

ಇದೇ ಹಾಲಕ್ಕಿ. ಕನ್ನಡ ನಾಡಿನ ಬಯಲುಸೀಮೆಯಲ್ಲಿ ಹಿರಿಯರು ಈ ಹೆಸರನ್ನು ಇಂದಿಗೂ ಬಲ್ಲರು. ನೆರೆಯ ತೆಲುಗು ಮನೆಗಳಲ್ಲಿ ಗೂಬೆಗಳಿಗೆಲ್ಲ ಸಾಮಾನ್ಯವಾಗಿ ಗುಡ್ಲಗೂಬ ಎನ್ನುತ್ತಾರೆ. ಶಾಲೆಯ ಮಕ್ಕಳಿಗೆ ಇಂಗ್ಲಿಷಿನ ‘ಔಲ್’ ಎಂಬ ಮಾತು ಚಿತ್ರಪಟದಿಂದಲೇ ಬಂದಿರುತ್ತದೆ. ಆದರೆ ಕಣಜಗೂಬೆ, ಕೊಂಬಿನ ಗೂಬೆ, ಮೀನುಗೂಬೆ, ಹಾಲಕ್ಕಿ ಎಂದು ಒಂದೊಂದನ್ನೂ ಬೇರೆಬೇರೆಯಾಗಿ ಗುರುತಿಸುವ ಮಾತುಗಳು ಕನ್ನಡದಲ್ಲಿಯೇ ಇವೆ. ಗಡಿಯಾಚೆಯ ಕನ್ನಡ ಮನೆಗಳಲ್ಲಿ ಇಂತಹ ಮಾತುಗಳು ಅಜ್ಜ ಅಜ್ಜಿಯರ ನಾಲಗೆಯ ಮೇಲೆ ಮಾತ್ರ ಉಳಿದಿರುವುದುಂಟು. ಹಕ್ಕಿಯು ಮರದಲ್ಲಿಯೇ ಇದ್ದೂ ಅದರ ಹೆಸರು ಮನೆಯಿಂದ ಹೋಗಿಬಿಡಬಹುದು. ಹೆಸರು ಹೋದ ಮೇಲೆ ಹಕ್ಕಿಯನ್ನು ವಿಚಾರಿಸುವವರೂ ಕಡಿಮೆಯಾಗುತ್ತಾರೆ.

ಹಾಲಕ್ಕಿಯ ಉದ್ದ ಸುಮಾರು 21 ಸೆಂಟಿಮೀಟರು. ಗೊರವಂಕಕ್ಕಿಂತ ಹೆಚ್ಚೇನೂ ಉದ್ದವಲ್ಲ, ಆದರೆ ಮೈ ಗಿಡ್ಡವಾಗಿ ದುಂಡಗಿರುತ್ತದೆ. ಬೂದುಗಂದು ಬಣ್ಣದ ಬೆನ್ನಿನ ಮೇಲೆ ಹಾಲು ಚಿಮುಕಿಸಿದಂತೆ ಬಿಳಿಯ ಚುಕ್ಕೆಗಳು. ಬಿಳಿಯ ಹುಬ್ಬು, ಕುತ್ತಿಗೆಯ ಸುತ್ತ ಬಿಳಿಯ ಪಟ್ಟಿ. ಡಚ್ ಪ್ರಾಣಿವಿಜ್ಞಾನಿ ಟೆಮ್ಮಿಂಕ್ 1821ರಲ್ಲಿ ಈ ಜಾತಿಯನ್ನು ಶಾಸ್ತ್ರಲೋಕಕ್ಕೆ ಪರಿಚಯಿಸಿದನು. ಇಂದು ಅದರ ಶಾಸ್ತ್ರೀಯ ನಾಮ ‘ಅಥೀನೆ ಬ್ರಾಮ’. ಗೂಬೆಯನ್ನು ತನ್ನ ಗುರುತಾಗಿ ಪಡೆದ ಗ್ರೀಕರ ವಿದ್ಯಾದೇವತೆ ಅಥೀನಾಳ ಹೆಸರು ಮೊದಲಲ್ಲಿ, ನಮ್ಮ ಬ್ರಹ್ಮನನ್ನು ನೆನಪಿಗೆ ತರುವ ಮಾತು ಕೊನೆಯಲ್ಲಿ. ಅಲ್ಲಿ ವಿದ್ಯೆಯ ಗುರುತಾದ ಈ ಬಳಗ ನಮ್ಮಲ್ಲಿ ಲಕ್ಷ್ಮಿಯ ವಾಹನ. ಆದರೂ ಹಗಲಲ್ಲಿ ಮನೆಯ ಮೇಲೆ ಕುಳಿತರೆ ಅದೇ ಹಕ್ಕಿ ಅಪಶಕುನವಾಗಿಬಿಡುತ್ತದೆ.

ಹಿಂದೂಪುರದಿಂದ ಪೂರ್ವಕ್ಕೆ ಸುಮಾರು 15 ಕಿಲೋಮೀಟರು ಹೋದರೆ ಲೇಪಾಕ್ಷಿ. ರಾವಣನ ಏಟಿಗೆ ರೆಕ್ಕೆ ಮುರಿದು ಬಿದ್ದಿದ್ದ ಜಟಾಯುವನ್ನು ಕಂಡು ಶ್ರೀರಾಮನು ‘ಲೇ ಪಕ್ಷಿ’, ಅಂದರೆ ‘ಏಳು ಪಕ್ಷಿಯೇ’, ಎಂದನೆಂದೂ ಅದರಿಂದಲೇ ಊರಿಗೆ ಈ ಹೆಸರು ಬಂದಿತೆಂದೂ ಸ್ಥಳೀಯರು ಹೇಳುತ್ತಾರೆ. 16ನೆಯ ಶತಮಾನದಲ್ಲಿ ವಿಜಯನಗರದ ಅರಸರ ಕಾಲದಲ್ಲಿ ವಿರೂಪಣ್ಣ, ವೀರಣ್ಣ ಎಂಬ ಸಹೋದರರು ಕಟ್ಟಿಸಿದ ವೀರಭದ್ರ ದೇವಾಲಯದ ಗೋಡೆಗಳ ಮೇಲೆ ಇಂದಿಗೂ ಕನ್ನಡ ಶಾಸನಗಳನ್ನು ಓದಬಹುದು. ಒಂದೇ ಬಂಡೆಯಲ್ಲಿ ಕಡೆದ ಬೃಹತ್ ನಂದಿಯನ್ನು ನೋಡಲು ಬರುವ ಶಾಲಾ ಪ್ರವಾಸಗಳ ಮಕ್ಕಳು ಆ ಅಕ್ಷರಗಳ ಮುಂದೆ ನಿಂತು ತಮ್ಮ ಪಠ್ಯಪುಸ್ತಕದ ಲಿಪಿಯನ್ನು ಅವುಗಳಲ್ಲಿ ಹುಡುಕುವುದುಂಟು.

ಹಾಲಕ್ಕಿಗೆ ದಟ್ಟವಾದ ಕಾಡು ಬೇಕಿಲ್ಲ. ಹೊಲ, ತೋಪು, ಊರು, ಪಾಳುಬಾವಿ, ಹಳೆಯ ಕಟ್ಟಡಗಳ ನಡುವಿನ ತೆರಪಾದ ನೆಲವೇ ಅದರ ನಾಡು. ಮರದ ಪೊಟರೆ ಸಿಗದಿದ್ದರೆ ಕಲ್ಲುಗೋಡೆಯ ಸಂದಿನಲ್ಲಿ, ಬಂಡೆಯ ಬಿರುಕಿನಲ್ಲಿ, ಸೂರಿನ ಕೆಳಗಿನ ರಂಧ್ರದಲ್ಲಿ ನೆಲೆ ಮಾಡಿಕೊಳ್ಳುತ್ತದೆ. ಈ ಗುಣದಿಂದಲೇ ಅದು ನೂರಾರು ವರ್ಷ ಮನುಷ್ಯನ ಮಗ್ಗುಲಲ್ಲಿ ಬಾಳಿಬಂದಿದೆ. ಮನುಷ್ಯನ ಮನಸ್ಸು ಬದಲಾದಾಗ ಮೊದಲು ಪೆಟ್ಟು ತಿನ್ನುವುದೂ ಇದೇ ಗುಣದಿಂದ.

ಲೇಪಾಕ್ಷಿಗೆ ಹತ್ತಿರದ ಚಿಲಮತ್ತೂರು ಮಂಡಲದಲ್ಲಿ ವೀರಾಪುರಂ ಎಂಬ ಹಳ್ಳಿಯಿದೆ. ಪ್ರತಿವರ್ಷ ಬಣ್ಣದ ಕೊಕ್ಕರೆಗಳು ಅಲ್ಲಿಗೆ ಬಂದು ಊರೊಳಗಿನ ಮರಗಳ ಮೇಲೆ ಗೂಡು ಕಟ್ಟುತ್ತವೆ. ಮನೆಗಳ ಮೇಲೆ ಹಿಕ್ಕೆ ಬಿದ್ದರೂ, ಮೀನಿನ ವಾಸನೆ ಹರಡಿದರೂ ಹಳ್ಳಿಯವರು ಅವುಗಳನ್ನು ಓಡಿಸುವುದಿಲ್ಲ. ಕೊಕ್ಕರೆ ಬಂದರೆ ಮಳೆ ಬೆಳೆ ಚೆನ್ನಾಗಿರುತ್ತದೆಂಬ ನಂಬಿಕೆ ಅವುಗಳಿಗೆ ಬೇಲಿಯಂತೆ ನಿಂತಿದೆ. ಕರ್ನಾಟಕದ ಕೊಕ್ಕರೆಬೆಳ್ಳೂರಿನ ಜನರೂ ಇದೇ ಬಗೆಯಲ್ಲಿ ಹಕ್ಕಿಗಳನ್ನು ಕಾಯ್ದುಕೊಂಡು ಬಂದವರು. ಹೀಗೆ ಒಂದು ನಂಬಿಕೆ ಒಂದು ಹಕ್ಕಿಯನ್ನು ಉಳಿಸುತ್ತದೆ. ಅದೇ ಸೀಮೆಯಲ್ಲಿ ಮತ್ತೊಂದು ನಂಬಿಕೆ ಮತ್ತೊಂದು ಹಕ್ಕಿಗೆ ಕಲ್ಲು ಬೀಸಿಸುತ್ತದೆ. ಎರಡೂ ಮರಗಳ ನಡುವೆ ಕೆಲವೇ ಹೆಜ್ಜೆಗಳ ಅಂತರವಿರಬಹುದು.

ಹಿಂದೂಪುರದಿಂದ ಪಶ್ಚಿಮಕ್ಕೆ ಮಡಕಶಿರದ ಕಡೆ ತಿರುಗಿದರೆ ನೋಟ ಬದಲಾಗುತ್ತದೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ಗೌರಿಬಿದನೂರನ್ನು ಹಾದುಬರುವ ಪೆನ್ನಾ ನದಿ, ಅಂದರೆ ಉತ್ತರ ಪಿನಾಕಿನಿ, ವರ್ಷದ ಬಹುಭಾಗ ಮರಳಿನ ಹಾಸು. ಅದರಾಚೆ ಗುಂಡುಕಲ್ಲುಗಳ ಗುಡ್ಡಗಳು, ಕೆಂಪು ಮಣ್ಣು, ಕಡಲೆಕಾಯಿ ಹೊಲಗಳು, ಅಲ್ಲಲ್ಲಿ ಅಡಕೆ, ತೆಂಗು, ಹಿಪ್ಪುನೇರಳೆಯ ಹಸುರು. ಮಡಕಶಿರ, ರೊಳ್ಳ, ಗುಡಿಬಂಡ, ಅಮರಾಪುರಂ ಮಂಡಲಗಳಲ್ಲಿ ಮನೆಮಾತು ಕನ್ನಡವಾಗಿರುವ ಹಳ್ಳಿಗಳೂ ಕನ್ನಡ ಮಾಧ್ಯಮದ ಶಾಲೆಗಳೂ ಇವೆ. ಅಮರಾಪುರಂ ಮಂಡಲದ ಹೇಮಾವತಿ ಒಂದು ಕಾಲಕ್ಕೆ ಹೆಂಜೇರು ಎಂಬ ಹೆಸರಿನಿಂದ ನೊಳಂಬರ ರಾಜಧಾನಿಯಾಗಿತ್ತು.

ಈ ಕೆಂಪು ನೆಲಕ್ಕೆ ಮುಂಗಾರಿನ ಮೊದಲ ಹದಮಳೆ ಬಿದ್ದ ಸಂಜೆ ಹಾಲಕ್ಕಿಗೆ ಹಬ್ಬ. ಕಡಲೆಕಾಯಿಯ ಬೇರು ಕಡಿಯುವ ಗೊಣ್ಣೆಹುಳುವಿನ ತಾಯಿ ತಂದೆಯರಾದ ದುಂಬಿಗಳು ಆ ಮಳೆಗೆ ಮಣ್ಣಿನಿಂದ ಎದ್ದು, ಕತ್ತಲಾಗುತ್ತಲೇ ಬೇವಿನ ಮರಗಳ ಮೇಲೆ ಮುತ್ತಿ ಎಲೆ ತಿನ್ನುತ್ತವೆ. ಕೆಂಪು ಕಂಬಳಿಹುಳುವಿನ ಪತಂಗಗಳೂ ಅದೇ ಮಳೆಗಳ ಬಳಿಕ ನೆಲದಿಂದೇಳುತ್ತವೆ. ಒಂದೊಂದು ಹೆಣ್ಣು ಪತಂಗವೂ ನೂರಾರು ಮೊಟ್ಟೆಗಳನ್ನಿಟ್ಟು ಹೊಲಕ್ಕೆ ಹೊಲವನ್ನೇ ಬೋಳಾಗಿಸುವ ಸಂತತಿಗೆ ಮೊದಲಾಗುತ್ತದೆ. ಹಾಲಕ್ಕಿಯ ಆಹಾರದಲ್ಲಿ ದೊಡ್ಡ ಪಾಲು ಇಂತಹ ಕೀಟಗಳದೇ: ದುಂಬಿ, ಪತಂಗ, ಮಿಡತೆ, ಜಿರಲೆ. ಚೇಳು, ಹಲ್ಲಿ, ಇಲಿ, ಸಣ್ಣ ಬಾವಲಿಗಳನ್ನೂ ಅದು ಬಿಡುವುದಿಲ್ಲ. ಬೀದಿದೀಪದ ಕಂಬದ ಮೇಲೆ ಕುಳಿತು, ಬೆಳಕಿಗೆ ಬರುವ ಹುಳುಗಳನ್ನು ಹಾರಿ ಹಿಡಿಯುವುದನ್ನು ಹಳ್ಳಿಯ ಯಾವ ಮಗುವಾದರೂ ಜಗಲಿಯಿಂದಲೇ ನೋಡಬಹುದು.

ಹಿಡಿಯುವ ಬಗೆಯೂ ಗಮನಿಸತಕ್ಕದ್ದು. ಗೂಬೆಗಳ ಕಣ್ಣು ಗುಳಿಯೊಳಗೆ ತಿರುಗಲಾರದು. ಅದು ಗೋಲಿಯಂತೆ ದುಂಡಗಿರದೆ ಕೊಳವೆಯಂತೆ ನೀಳವಾಗಿದೆ. ಆದುದರಿಂದ ಪಕ್ಕಕ್ಕೆ ನೋಡಬೇಕಾದರೆ ತಲೆಯನ್ನೇ ತಿರುಗಿಸಬೇಕು. ಮನುಷ್ಯನ ಕುತ್ತಿಗೆಯಲ್ಲಿ 7 ಮೂಳೆಗಳಿದ್ದರೆ ಗೂಬೆಯ ಕುತ್ತಿಗೆಯಲ್ಲಿ 14. ಅವುಗಳ ಬಲದಿಂದ ತಲೆಯನ್ನು 270 ಡಿಗ್ರಿಗಳವರೆಗೆ ಹೊರಳಿಸಬಲ್ಲದು. ತಲೆಯನ್ನು ಓಲಾಡಿಸುವುದೂ ಕುಚೇಷ್ಟೆಯಲ್ಲ. ಒಂದೇ ವಸ್ತುವನ್ನು ಬೇರೆಬೇರೆ ಕೋನದಿಂದ ನೋಡಿ ದೂರವನ್ನು ಅಳೆಯುವ ಉಪಾಯ. ತಿಂದ ಬೇಟೆಯ ಎಲುಬು, ಕೂದಲು, ದುಂಬಿಯ ಗಟ್ಟಿ ಚಿಪ್ಪು ಜೀರ್ಣವಾಗುವುದಿಲ್ಲ. ಅವೆಲ್ಲ ಹೊಟ್ಟೆಯಲ್ಲಿ ಉಂಡೆಯಾಗಿ ಬಾಯಿಂದಲೇ ಹೊರಬೀಳುತ್ತವೆ. ಪೊಟರೆಯ ಕೆಳಗೆ ಬಿದ್ದ ಒಣಗಿದ ಉಂಡೆಯನ್ನು ಕಡ್ಡಿಯಿಂದ ಬಿಡಿಸಿದರೆ ಆ ಹಕ್ಕಿ ಏನೇನು ತಿಂದಿತೆಂಬುದರ ಲೆಕ್ಕ ಮುಂದೆ ತೆರೆದುಕೊಳ್ಳುತ್ತದೆ. ಶಾಲೆಯ ವಿಜ್ಞಾನ ಪಾಠಕ್ಕೆ ಇದಕ್ಕಿಂತ ಅಗ್ಗದ ಉಪಕರಣ ದೊರೆಯುವುದು ಕಷ್ಟ. ಬಿಡಿಸಿದ ಮೇಲೆ ಕೈಗಳನ್ನು ಸಾಬೂನಿನಿಂದ ತೊಳೆದುಕೊಂಡರಾಯಿತು.

ಈ ಸೀಮೆಯ ಹಳ್ಳಿಗಳಿಗೆ ಹಾಲಕ್ಕಿಯ ಹೆಸರನ್ನು ಹೊತ್ತು ತರುತ್ತಿದ್ದವರು ಬುಡಬುಡಿಕೆಯವರು. ತೆಲುಗರು ಬುಡಬುಕ್ಕಲವರೆಂದು ಕರೆಯುವ ಈ ಜನ ಮುಂಜಾವಿನಲ್ಲಿ, ಊರು ಇನ್ನೂ ಎದ್ದಿರದ ವೇಳೆಯಲ್ಲಿ, ಕೈಯಲ್ಲಿ ಪುಟ್ಟ ಬುಡಬುಡಿಕೆಯನ್ನು ಆಡಿಸುತ್ತ ಮನೆಮನೆಯ ಮುಂದೆ ನಿಲ್ಲುತ್ತಿದ್ದರು. ರಾತ್ರಿ ಹಾಲಕ್ಕಿ ನುಡಿದುದನ್ನು ತಾವು ಕೇಳಿ ಬಂದೆವೆಂದೂ ಈ ಮನೆಗೆ ಒಳ್ಳೆಯದಾಗುವುದೆಂದೂ ಹೇಳಿ, ಕಾಳನ್ನೋ ಹಳೆಯ ಬಟ್ಟೆಯನ್ನೋ ಪಡೆದು ಮುಂದಿನ ಮನೆಗೆ ನಡೆಯುತ್ತಿದ್ದರು. ಈಗ ಅವರ ಸಂಚಾರ ವಿರಳವಾಗಿದೆ. ಅವರ ಮಕ್ಕಳೂ ಶಾಲೆಗೆ ಹೋಗುತ್ತಾರೆ, ಬೇರೆ ಕಸುಬು ಹಿಡಿಯುತ್ತಾರೆ. ಭವಿಷ್ಯದ ಮಾತನ್ನು ನಂಬುವುದೂ ಬಿಡುವುದೂ ಕೇಳುವವರಿಗೆ ಸೇರಿದ್ದು. ಆದರೆ ಈ ಸಂಪ್ರದಾಯದಲ್ಲಿ ಒಂದು ಮಾತು ಅಡಗಿದೆ: ಒಂದು ಸಮುದಾಯ ಈ ಗೂಬೆಯ ದನಿಯನ್ನು ಶುಭವೆಂದು ಕೇಳಿಸಿಕೊಂಡಿತು. ಗೂಬೆಯೆಂದರೆ ಕೇಡು ಎಂಬುದೊಂದೇ ನಮ್ಮ ಹಿರಿಯರ ಅಭಿಪ್ರಾಯವಾಗಿರಲಿಲ್ಲ.

ಮಡಕಶಿರದಿಂದ ಕಲ್ಯಾಣದುರ್ಗಕ್ಕೆ ಪಾವಗಡದ ಮೂಲಕ ಹೋಗುವವರು ಒಮ್ಮೆ ಕರ್ನಾಟಕವನ್ನು ಹೊಕ್ಕು ಮತ್ತೆ ಆಂಧ್ರಕ್ಕೆ ಬರಬೇಕು. ತುಮಕೂರು ಜಿಲ್ಲೆಯ ಪಾವಗಡ ತಾಲೂಕಿನ ಬಹುಭಾಗವನ್ನು ಆಂಧ್ರದ ನೆಲವೇ ಸುತ್ತುವರಿದಿದೆ. ದಾರಿಯಲ್ಲಿ ಅಂಗಡಿಯ ಫಲಕಗಳು ತೆಲುಗಿನಿಂದ ಕನ್ನಡಕ್ಕೆ, ಕನ್ನಡದಿಂದ ತೆಲುಗಿಗೆ ತಿರುಗುತ್ತವೆ. ಮಾತು ಎರಡೂ ಕಡೆ ಎರಡೂ ಆಗಿರುತ್ತದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು, 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳು ಬಂದವು, 2022ರ ಏಪ್ರಿಲ್ 4ರಂದು ಹಿಂದೂಪುರ, ಮಡಕಶಿರಗಳು ಅನಂತಪುರ ಜಿಲ್ಲೆಯಿಂದ ಬೇರ್ಪಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದವು. ಕಲ್ಯಾಣದುರ್ಗ ಅನಂತಪುರದಲ್ಲಿಯೇ ಉಳಿಯಿತು. ಇಷ್ಟೆಲ್ಲ ಗೆರೆಗಳು ಎಳೆಯಲ್ಪಟ್ಟರೂ ಹಾಲಕ್ಕಿಯ ಸೀಮೆ ಅದರ ಪೊಟರೆಯಿಂದ ಸುತ್ತಲಿನ ಕೆಲವು ಹೊಲಗಳಷ್ಟೇ. ಜೋಡಿಯೊಂದು ಒಮ್ಮೆ ನೆಲೆಸಿದರೆ ವರ್ಷದುದ್ದಕ್ಕೂ ಅಲ್ಲಿಯೇ ಇರುತ್ತದೆ. ಕೊಕ್ಕರೆಯಂತೆ ಬಂದುಹೋಗುವ ಹಕ್ಕಿಯಲ್ಲ. ಆದುದರಿಂದ ಆ ಒಂದು ಮರಕ್ಕೆ ಏನಾಯಿತೆಂಬುದೇ ಅದರ ಪಾಲಿನ ಇತಿಹಾಸ.

ಕಲ್ಯಾಣದುರ್ಗದ ಕಡೆ ಸಾಗಿದಂತೆ ನೆಲ ಇನ್ನೂ ಒಣಗುತ್ತದೆ. ಅನಂತಪುರ ಸೀಮೆಯ ವಾರ್ಷಿಕ ಸರಾಸರಿ ಮಳೆ ಸುಮಾರು 550 ಮಿಲಿಮೀಟರು. ಅದೂ ನಂಬಿಕೆಗೆ ಅರ್ಹವಾದುದಲ್ಲ. ಕುಂದುರ್ಪಿಯ ಕೋಟೆಬೆಟ್ಟ, ಕಂಬದೂರಿನ ಹಳೆಯ ಕಲ್ಲುಗುಡಿ, ವೇದಾವತಿ ನದಿಗೆ ಕಟ್ಟಿದ ಭೈರವಾನಿತಿಪ್ಪ ಅಣೆಕಟ್ಟು, ನಡುವೆ ಕಡಲೆಕಾಯಿ, ತೊಗರಿ, ಸಜ್ಜೆಗಳ ಬಯಲು. ದೊಡ್ಡ ಮರಗಳು ಇಲ್ಲಿ ವಿರಳ. ರಸ್ತೆಬದಿಯ ಹುಣಸೆ, ಬಾವಿಕಟ್ಟೆಯ ಬೇವು, ಗುಡಿಯ ಮುಂದಿನ ಅರಳಿ ಇವುಗಳಲ್ಲಿ ಪೊಟರೆಯಿರುವ ಮರ ಇನ್ನೂ ವಿರಳ. ಮರವೊಂದರಲ್ಲಿ ರೆಂಬೆ ಮುರಿದು, ಗಾಯ ಕೊಳೆತು, ಹಕ್ಕಿ ಹೊಗುವಷ್ಟು ಪೊಳ್ಳಾಗಬೇಕಾದರೆ ದಶಕಗಳು ಬೇಕು. ಗೂಬೆಗೆ ಮರಕುಟುಕದಂತೆ ತಾನೇ ಮರ ಕೊರೆಯಲು ಬಾರದು. ಇದ್ದ ಪೊಟರೆಗಾಗಿ ಗಿಳಿ, ಗೊರವಂಕಗಳೊಡನೆ ಪೈಪೋಟಿಗಿಳಿಯಬೇಕು.

ನವೆಂಬರಿನಿಂದ ಏಪ್ರಿಲ್ ವರೆಗೆ ಹಾಲಕ್ಕಿಯ ಸಂಸಾರದ ಕಾಲ. ಹೆಣ್ಣು ಸಾಮಾನ್ಯವಾಗಿ 3 ಅಥವಾ 4 ಬಿಳಿಯ ದುಂಡು ಮೊಟ್ಟೆಗಳನ್ನಿಡುತ್ತದೆ. ಮೊದಲ ಮೊಟ್ಟೆಯಿಟ್ಟ ದಿನದಿಂದಲೇ ಕಾವಿಗೆ ಕೂರುವುದರಿಂದ ಮರಿಗಳು ಒಂದೇ ದಿನ ಹೊರಬರುವುದಿಲ್ಲ. ಹಿರಿಯದಕ್ಕೆ ಗರಿ ಮೂಡುತ್ತಿರುವಾಗ ಕಿರಿಯದು ಇನ್ನೂ ಹಸುಗೂಸು. ಮೊದಮೊದಲು ಮರಿಗಳಿಗೆ ಕೀಟಗಳ ಊಟ, ಬಲಿತಂತೆ ಇಲಿಯ ಊಟ. ಇಲಿ ಹೇರಳವಾಗಿ ದೊರೆತ ವರ್ಷ ಹೆಚ್ಚು ಮರಿಗಳು ಬದುಕುತ್ತವೆ. ದೊರೆಯದಿದ್ದರೆ ಹಿರಿಯ ಮರಿಯ ಪಾಲೇ ಮೊದಲಾಗಿ, ಕಿರಿಯದು ಉಳಿಯುವುದಿಲ್ಲ. ಅನೇಕ ಗೂಡುಗಳಿಂದ ಕೊನೆಗೆ ಹಾರಿ ಹೋಗುವ ಮರಿಗಳು ಒಂದು ಅಥವಾ ಎರಡು. ಬರಗಾಲದ ಲೆಕ್ಕವನ್ನು ಚೆನ್ನಾಗಿ ಬಲ್ಲ ಈ ಸೀಮೆಯ ರೈತ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲಿಯ ಊಟದಲ್ಲಿಯೇ ಒಂದು ಅಪಾಯವೂ ಸೇರಿಕೊಂಡಿದೆ. ಹೊಲಕ್ಕೂ ಗೋದಾಮಿಗೂ ಇಡುವ ಬ್ರೋಮಾಡಿಯೋಲೋನ್‌ನಂತಹ ಇಲಿವಿಷವನ್ನು ತಿಂದ ಇಲಿ ಕೂಡಲೇ ಸಾಯುವುದಿಲ್ಲ. ಕೆಲವು ದಿನ ನಿತ್ರಾಣವಾಗಿ ಬಯಲಲ್ಲಿ ಓಡಾಡುತ್ತದೆ. ಗೂಬೆಗೆ ಅದು ಸುಲಭದ ಬೇಟೆ. ಇಲಿಯ ಮೈಯಲ್ಲಿನ ವಿಷ ಗೂಬೆಯ ಮೈಗೆ ಸೇರುತ್ತದೆ. ಇಲಿಯನ್ನು ಕೊಲ್ಲಲು ಇಟ್ಟ ಮದ್ದು ಇಲಿಯನ್ನು ಸಂಬಳವಿಲ್ಲದೆ ಹಿಡಿಯುತ್ತಿದ್ದ ಕಾವಲುಗಾರನನ್ನೇ ಕೊಂದಂತಾಗುತ್ತದೆ.

ಅದಕ್ಕಿಂತ ಕ್ರೂರವಾದ ಅಪಾಯ ದೀಪಾವಳಿಯ ಸುತ್ತಮುತ್ತ ಬರುತ್ತದೆ. ಲಕ್ಷ್ಮಿಯ ವಾಹನವನ್ನು ಬಲಿ ಕೊಟ್ಟರೆ ಸಿರಿ ಮನೆಯಲ್ಲಿ ನಿಲ್ಲುತ್ತದೆಂಬ ಮೂಢನಂಬಿಕೆಯನ್ನು ಬಂಡವಾಳ ಮಾಡಿಕೊಂಡು ಗೂಬೆಗಳನ್ನು ಹಿಡಿದು ಮಾರುವ ಜಾಲಗಳು ದೇಶದ ಹಲವೆಡೆ ಇವೆ. ವನ್ಯಜೀವಿ ವ್ಯಾಪಾರವನ್ನು ಗಮನಿಸುವ ಟ್ರಾಫಿಕ್ ಇಂಡಿಯಾ ಸಂಸ್ಥೆ 2010ರಲ್ಲಿ ಪ್ರಕಟಿಸಿದ ವರದಿಯಂತೆ, ಭಾರತದಲ್ಲಿರುವ ಸುಮಾರು 30 ಜಾತಿಯ ಗೂಬೆಗಳಲ್ಲಿ 15 ಜಾತಿಗಳು ಈ ವ್ಯಾಪಾರದಲ್ಲಿ ಕಂಡುಬಂದಿದ್ದವು. ಹಾಲಕ್ಕಿಯೂ ಅವುಗಳಲ್ಲಿ ಸೇರಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಗೂಬೆಯನ್ನು ಹಿಡಿಯುವುದೂ ಮಾರುವುದೂ ಕೊಲ್ಲುವುದೂ ಶಿಕ್ಷಾರ್ಹ ಅಪರಾಧ. ಆದರೆ ಕಾಯಿದೆಯ ಕೈ ಪ್ರತಿಯೊಂದು ಹುಣಸೆಮರವನ್ನೂ ತಲುಪಲಾರದು. ಅಲ್ಲಿಗೆ ತಲುಪುವುದು ಆ ಊರಿನ ಮಕ್ಕಳ ಕಣ್ಣು.

ಸಾಮಾನ್ಯವಾಗಿ ಕಾಣುವ ಹಕ್ಕಿಗೆ ಇಷ್ಟೊಂದು ಚಿಂತೆ ಏಕೆಂದು ಕೇಳಬಹುದು. ಉತ್ತರವು ಅದರ ಹತ್ತಿರದ ನೆಂಟನ ಕಥೆಯಲ್ಲಿದೆ. ಮಧ್ಯಭಾರತದ ಕಾಡುಗಳಲ್ಲಿ ಹಾಲಕ್ಕಿಯನ್ನೇ ಹೋಲುವ, ಆದರೆ ತಲೆಯ ಮೇಲೆ ಚುಕ್ಕೆಗಳು ಹೆಚ್ಚಾಗಿ ಕಾಣದ ಮತ್ತೊಂದು ಕಿರುಗೂಬೆಯಿದೆ. ಇಂಗ್ಲಿಷಿನಲ್ಲಿ ಅದಕ್ಕೆ ಫಾರೆಸ್ಟ್ ಔಲೆಟ್ ಎನ್ನುತ್ತಾರೆ. ಎ. ಒ. ಹ್ಯೂಮ್ 1873ರಲ್ಲಿ ಅದನ್ನು ವರ್ಣಿಸಿದನು. 1884ರ ಬಳಿಕ ಒಂದು ಶತಮಾನಕ್ಕೂ ಹೆಚ್ಚು ಕಾಲ ಯಾರ ಕಣ್ಣಿಗೂ ಅದು ಖಚಿತವಾಗಿ ಬೀಳಲಿಲ್ಲ. 1914ರಲ್ಲಿ ತಾನು ಸಂಗ್ರಹಿಸಿದೆನೆಂದು ಮೈನರ್ಟ್ಸ್‌ಹ್ಯಾಗನ್ ಎಂಬ ಬ್ರಿಟಿಷ್ ಸೇನಾಧಿಕಾರಿ ತೋರಿಸಿದ್ದ ಮಾದರಿ, ಹಳೆಯ ಮಾದರಿಯೊಂದನ್ನು ಕದ್ದು ಚೀಟಿ ಬದಲಿಸಿದ್ದೆಂದು ಆಮೇಲೆ ಬಯಲಾಯಿತು. ಆ ಸುಳ್ಳು ಚೀಟಿಯನ್ನು ನಂಬಿದವರು ತಪ್ಪು ಜಾಗದಲ್ಲಿ ಹುಡುಕುವಂತಾಗಿತ್ತು. ಕೊನೆಗೆ 1997ರ ನವೆಂಬರಿನಲ್ಲಿ ಪಮೇಲಾ ರಾಸ್ಮುಸೆನ್ ಮತ್ತು ಸಂಗಡಿಗರು ಮಹಾರಾಷ್ಟ್ರದ ಶಹಾದಾ ಬಳಿ ಹಾಡಹಗಲೇ ಕೊಂಬೆಯ ಮೇಲೆ ಕುಳಿತಿದ್ದ ಅದನ್ನು ಕಂಡರು. ಹಕ್ಕಿ ಅಲ್ಲಿಯೇ ಇತ್ತು; ಸರಿಯಾಗಿ ನೋಡಿ ಸರಿಯಾಗಿ ಬರೆದಿಡುವವರು ಇರಲಿಲ್ಲ.

ನೋಡುವುದಕ್ಕೂ ಬರೆದಿಡುವುದಕ್ಕೂ ಹಿಂದೂಪುರದ, ಕಲ್ಯಾಣದುರ್ಗದ ಶಾಲಾಮಕ್ಕಳಿಗೆ ದುರ್ಬೀನು ಬೇಕಿಲ್ಲ. ಹಗಲಿನಲ್ಲಿ ಕಾಜಾಣವೂ ಹರಟೆಮಲ್ಲಗಳೂ ಅಳಿಲೂ ಒಂದೇ ರೆಂಬೆಯನ್ನು ಸುತ್ತಿ ಕಿರುಚುತ್ತಿದ್ದರೆ, ಅಲ್ಲಿ ಹಾಲಕ್ಕಿ ಕುಳಿತಿರುವುದೆಂದು ಊಹಿಸಬಹುದು. ಮರದ ಬುಡದಲ್ಲಿ ಬಿಳಿಯ ಹಿಕ್ಕೆಯೂ ಎಲುಬಿನ ಉಂಡೆಗಳೂ ಬಿದ್ದಿದ್ದರೆ ಮೇಲೆ ಪೊಟರೆಯಿದೆ. ಕಂಡ ತಾರೀಖು, ಮರದ ಹೆಸರು, ಎಷ್ಟು ಹಕ್ಕಿ, ಏನು ತಿನ್ನುತ್ತಿತ್ತು ಎಂಬ ನಾಲ್ಕು ಸಾಲುಗಳನ್ನು ಕನ್ನಡದಲ್ಲಿ ಬರೆದಿಟ್ಟರೆ ವರ್ಷದ ಕೊನೆಗೆ ಅದು ಊರಿನ ದಾಖಲೆ. ಮರಿಗಳಿರುವ ಪೊಟರೆಗೆ ಕೈ ಹಾಕಬಾರದು, ದೀಪ ಬಿಡಬಾರದು. ಕೆಳಗೆ ಬಿದ್ದ ಮರಿ ಗಾಯವಿಲ್ಲದೆ ಇದ್ದರೆ ನಾಯಿ ಬೆಕ್ಕುಗಳಿಗೆ ಎಟುಕದ ಕೊಂಬೆಯ ಮೇಲಿಟ್ಟು ದೂರ ಸರಿಯಬೇಕು. ಕತ್ತಲಾದ ಮೇಲೆ ತಾಯಿ ತಂದೆ ಬಂದು ಉಣಿಸುತ್ತವೆ.

ದೊಡ್ಡವರ ಕೆಲಸ ಬೇರೆ. ರಸ್ತೆ ಅಗಲವಾಗುವಾಗ ಹಳೆಯ ಹುಣಸೆಮರಗಳಿಗೆ ಅಂಕಿ ಹಾಕಿ ಹೋಗುತ್ತಾರೆ. ಶಾಲೆಯ ಅಂಗಳದ ಪೊಳ್ಳು ಬೇವನ್ನು ಕಸವೆಂದು ಕಡಿಸುವ ಮಾತು ಸಭೆಯಲ್ಲಿ ಬರುತ್ತದೆ. ಮಕ್ಕಳ ಮೇಲೆ ಬೀಳುವಂತಹ ಕೊಂಬೆಯನ್ನು ತೆಗೆಯಲೇಬೇಕು. ಆದರೆ ಕಾಂಡ ಗಟ್ಟಿಯಿರುವಾಗ ಮರವನ್ನೇ ಬುಡಮಟ್ಟ ಕಡಿಯುವ ಅಗತ್ಯವಿದೆಯೇ ಎಂದು ಒಬ್ಬರಾದರೂ ಕೇಳಬೇಕು. ಹೊಸ ಸಸಿ ನೆಟ್ಟರೆ ನೆರಳು ಹತ್ತು ವರ್ಷಕ್ಕೆ ಸಿಗಬಹುದು. ಪೊಟರೆ ಸಿಗುವುದು ಮೊಮ್ಮಕ್ಕಳ ಕಾಲಕ್ಕೆ.

ಕಲ್ಯಾಣದುರ್ಗದಲ್ಲಿ ಸಂಜೆಯ ಕೊನೆಯ ಬಸ್ಸು ಹೊರಟ ಮೇಲೆ ಗುಡ್ಡದ ಕಡೆಯಿಂದ ಆ ಕರಕರ ದನಿ ಕೇಳಿಸುತ್ತದೆ. ಯಾವುದೋ ಮನೆಯ ಜಗಲಿಯಲ್ಲಿ ಓದಲು ಕುಳಿತ ಮಗು ಪುಸ್ತಕದಿಂದ ತಲೆಯೆತ್ತಿ, ಅದೇನೆಂದು ಕೇಳುತ್ತದೆ. ಗೂಬೆ, ಕೆಟ್ಟದ್ದು, ಒಳಗೆ ಬಾ ಎಂದು ಹೇಳುವುದೂ ಸುಲಭ. ಹಾಲಕ್ಕಿ, ಮರಿಗಳಿಗೆ ಊಟ ತರಲು ಹೊರಟಿದೆ ಎಂದು ಹೇಳುವುದೂ ಅಷ್ಟೇ ಸುಲಭ.